ಮಾತಾಡಿಸುವ ರಾತ್ರಿ: ಊರೂರು ಸುತ್ತುವ ಸ್ಟ್ಯಾಂಡ್‌ಅಪ್ ಕಲಾವಿದರಿಗೆ ಕ್ರೌಡ್ ವರ್ಕ್ ಶೋನ ಸಮಗ್ರ ಮಾರ್ಗದರ್ಶಿ

ಬರೆದು ಪಳಗಿಸಿದ ಜೋಕುಗಳ ಸೆಟ್ ಬೆಂಗಳೂರಿನಲ್ಲಿ ನಗಿಸಿದರೆ ಹುಬ್ಬಳ್ಳಿಯಲ್ಲೂ ಹೆಚ್ಚುಕಡಿಮೆ ನಗಿಸುತ್ತದೆ. ಜನರನ್ನು ಮಾತಾಡಿಸುತ್ತಲೇ ನಡೆಸುವ ಕ್ರೌಡ್ ವರ್ಕ್ ಶೋಗೆ ಆ ಭರವಸೆ ಇಲ್ಲ. ಅಲ್ಲಿ ಅರ್ಧ ಜೋಕು ಕುರ್ಚಿಯಲ್ಲಿ ಕೂತವರ ಬಾಯಿಂದ ಬರಬೇಕು. ಅದು ಬರಬೇಕಾದರೆ ಅವರ ಮುಖ ನಿಮಗೆ ಕಾಣಬೇಕು, ಅವರ ಮಾತು ಇಡೀ ಹಾಲ್‌ಗೆ ತಲುಪಬೇಕು, ಬಾಯಿ ಬಿಟ್ಟರೆ ಮಾನ ಹೋಗುವುದಿಲ್ಲ ಎಂಬ ಧೈರ್ಯ ಅವರಿಗೆ ಇರಬೇಕು. ಚುರುಕು ನಾಲಿಗೆ ಇದ್ದರೆ ಸಾಕು ಎನ್ನುವುದು ತಪ್ಪು ನಂಬಿಕೆ. ಕ್ರೌಡ್ ವರ್ಕ್‌ನಲ್ಲಿ ಬಹುಪಾಲು ತಯಾರಿ, ಉಳಿದದ್ದು ಕಿವಿ.

ಕನ್ನಡದ ಪ್ರೇಕ್ಷಕರ ಬಗ್ಗೆ ಒಂದು ಸಂಗತಿ ಮೊದಲೇ ಗೊತ್ತಿರಬೇಕು. ನಮ್ಮ ಜನ ಗಂಗಾವತಿ ಪ್ರಾಣೇಶ್, ಪ್ರೊ. ಎಂ. ಕೃಷ್ಣೇಗೌಡರಂಥವರ ಹಾಸ್ಯ ಸಂಜೆಗಳಲ್ಲಿ ಹೊಟ್ಟೆ ತುಂಬ ನಕ್ಕವರು. ಅಲ್ಲಿ ಮಾತುಗಾರರು ಮಾತಾಡುತ್ತಾರೆ, ಸಭೆ ಕೇಳುತ್ತದೆ. ವೇದಿಕೆಯಿಂದ ಬಂದ ಪ್ರಶ್ನೆಗೆ ಕೆಳಗಿನಿಂದ ಉತ್ತರ ಕೊಡುವುದು ಅಧಿಕಪ್ರಸಂಗ ಎಂಬ ಸಂಕೋಚ ಹಿರಿಯರಲ್ಲಿ ಇನ್ನೂ ಇದೆ. ಕರಾವಳಿಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಎದುರಿನ ಅರ್ಥಧಾರಿಯ ಮಾತಿಗೆ ಅಲ್ಲೇ ಹುಟ್ಟುವ ಉತ್ತರದ ರುಚಿ ಚೆನ್ನಾಗಿ ಗೊತ್ತು. ಆದರೆ ಅವರೂ ಕೇಳುಗರಾಗಿಯೇ ಬಂದಿರುತ್ತಾರೆ. ಹಾಗಾಗಿ ನಿಮ್ಮ ಮೊದಲ ಕೆಲಸ ನಗಿಸುವುದಕ್ಕಿಂತ ಮುಂಚೆ, ಇವತ್ತು ನೀವೂ ಮಾತಾಡಬಹುದು ಎಂದು ಒಪ್ಪಿಸುವುದು.

ಊರು, ದಿನ, ಹೊತ್ತು

ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಇರುವ ಮನೆಗಳು ಹೊರಗೆ ಬರುವುದಿಲ್ಲ. ಮಂಗಳೂರು, ಉಡುಪಿ ಕಡೆ ನವೆಂಬರ್‌ನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತದೆ. ನಿಮ್ಮ ಹಾಲ್ ಹತ್ತಿರವೇ ಆಟವಿರುವ ಶನಿವಾರ ಶೋ ಇಡಬೇಡಿ. ನವೆಂಬರ್ ಪೂರ್ತಿ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ರಂಗಮಂದಿರಗಳು ಮೊದಲೇ ಬುಕ್ ಆಗಿರುತ್ತವೆ, 3 ತಿಂಗಳು ಮುಂಚೆ ವಿಚಾರಿಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬಿ ಅದೇ ದಿನ ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವುದು ಬೇಡ. ಗುಡ್ಡ ಕುಸಿದರೆ 350 ಕಿಲೋಮೀಟರ್ ದಾರಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳಲಾರರು. ಹುಬ್ಬಳ್ಳಿ, ಧಾರವಾಡಕ್ಕೆ 2023ರಿಂದ ವಂದೇ ಭಾರತ್ ಇದೆ. ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಇಳಿದು, ಸಂಜೆಯ ಶೋಗೆ ಮುಂಚೆ ಊರು ಸುತ್ತಲು ಸಮಯ ಸಿಗುತ್ತದೆ.

ಆ ಸುತ್ತಾಟ ಶೋನ ಭಾಗವೇ. ಕನಿಷ್ಠ 2 ಗಂಟೆ ಕೊಡಿ. ಒಂದು ಟೀ ಅಂಗಡಿ, ಬಸ್ ಸ್ಟ್ಯಾಂಡ್, ಮಾರ್ಕೆಟ್. ಊರಿನವರು ಈ ವಾರ ಯಾವುದಕ್ಕೆ ಬೈಯುತ್ತಿದ್ದಾರೆ, ಅಗೆದು ಬಿಟ್ಟ ರಸ್ತೆ ಯಾವುದು, ಮುಗಿಯದ ಫ್ಲೈಓವರ್ ಯಾವುದು, ಎರಡು ಖಾನಾವಳಿಗಳಲ್ಲಿ ಯಾವುದು ಹೆಚ್ಚು ಎಂಬ ಜಗಳ ಇದೆಯೇ ಎಂದು ಕೇಳಿ, 5 ಸಂಗತಿ ಬರೆದುಕೊಳ್ಳಿ. ರಾತ್ರಿ ಅದರಲ್ಲಿ ಎರಡು ಉಪಯೋಗಕ್ಕೆ ಬಂದರೂ ಸಾಕು.

ಬೆಂಗಳೂರಿನಲ್ಲಿ 7:30 ಅಥವಾ 8ಕ್ಕೆ ಶುರು ಮಾಡಬಹುದು. ಜಿಲ್ಲಾ ಕೇಂದ್ರಗಳಲ್ಲಿ 6:30 ಸರಿ. ಸುತ್ತಲಿನ ತಾಲ್ಲೂಕುಗಳಿಂದ ಬಂದವರಿಗೆ ಕೊನೆಯ ಬಸ್ಸಿನ ಚಿಂತೆ ಹತ್ತಿದರೆ ಅವರು ಕೂತಲ್ಲೇ ಗಡಿಯಾರ ನೋಡುತ್ತಾರೆ. ಗಡಿಯಾರ ನೋಡುವವರು ಉತ್ತರ ಕೊಡುವುದಿಲ್ಲ. ಬಯಲಿನಲ್ಲಿ ಶೋ ಇದ್ದರೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಅದರ ಲೆಕ್ಕದಲ್ಲಿ 9:30ಕ್ಕೆ ಮುಗಿಯುವಂತೆ ನೋಡಿಕೊಳ್ಳಿ.

ಹಾಲ್ ಅನ್ನು ಚಿಕ್ಕದು ಮಾಡಿ

ಕ್ರೌಡ್ ವರ್ಕ್‌ಗೆ 80ರಿಂದ 250 ಜನ ಒಳ್ಳೆಯ ಸಂಖ್ಯೆ. ಜಿಲ್ಲಾ ರಂಗಮಂದಿರಗಳು ಅದಕ್ಕಿಂತ ಎಷ್ಟೋ ದೊಡ್ಡವು. ಬಿಟ್ಟುಬಿಟ್ಟರೆ ಜನ ಎರಡೆರಡು ಕುರ್ಚಿ ಬಿಟ್ಟು, ಹಿಂದೆ, ಫ್ಯಾನಿನ ಕೆಳಗೆ ಹರಡಿಕೊಂಡು ಕೂರುತ್ತಾರೆ. ನಗು ಒಬ್ಬರಿಂದ ಒಬ್ಬರಿಗೆ ಹತ್ತುವುದು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಇದ್ದಾಗ ಮಾತ್ರ.

ಮೊದಲು ಎಷ್ಟು ಟಿಕೆಟ್ ಹೋಗಿದೆ ನೋಡಿ. ಅದಕ್ಕೆ 10% ಸೇರಿಸಿ, ಅಷ್ಟು ಕುರ್ಚಿ ಮಾತ್ರ ಬಿಟ್ಟು ಹಿಂದಿನ ಸಾಲುಗಳಿಗೂ ಬದಿಯ ಭಾಗಗಳಿಗೂ ಹಗ್ಗ ಅಥವಾ ಟೇಪ್ ಕಟ್ಟಿಸಿ. ಬಾಗಿಲಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿ ಮುಂದಿನಿಂದಲೇ ತುಂಬಿಸಿ. ಕುರ್ಚಿ ಸರಿಸಬಹುದಾದ ಹಾಲ್ ಆದರೆ ನಡುವಿನ ದಾರಿಯನ್ನು ಮುಚ್ಚಿ, ಎರಡು ಬದಿಗೆ ದಾರಿ ಬಿಡಿ. ನಡುದಾರಿ ಇದ್ದರೆ ನೀವು ಸದಾ ಖಾಲಿ ಜಾಗಕ್ಕೆ ಮಾತಾಡುತ್ತೀರಿ. ಮೊದಲ ಸಾಲು ವೇದಿಕೆಯ ಅಂಚಿನಿಂದ ಒಂದೂವರೆ ಮೀಟರ್‌ಗಿಂತ ದೂರ ಇರಬಾರದು.

ನಮ್ಮ ಊರುಗಳಲ್ಲಿ ಇದಕ್ಕೆಲ್ಲ ದೊಡ್ಡ ಅಡ್ಡಿ ಗಣ್ಯರ ಸೋಫಾ. ಮೊದಲ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾ, ಅದರ ಮುಂದೆ ಟೀಪಾಯಿ, ನೀರಿನ ಬಾಟಲಿ. ಅದರಲ್ಲಿ ಕೂರಬೇಕಾದವರು ತಡವಾಗಿ ಬಂದು, 20 ನಿಮಿಷಕ್ಕೆ ಎದ್ದು, ನಾಲ್ಕು ಜನರನ್ನು ಜೊತೆಗೆ ಎಬ್ಬಿಸಿಕೊಂಡು ಹೋಗುತ್ತಾರೆ. ನಿಮ್ಮ ಪಾಲಿನ ಅತಿ ಮುಖ್ಯ ಸಾಲು ಖಾಲಿಯಾಗುತ್ತದೆ, ಕೂತಿದ್ದಷ್ಟು ಹೊತ್ತೂ ಅವರನ್ನು ಮಾತಾಡಿಸಲು ನಿಮಗೂ ಹಿಂಜರಿಕೆ. ಒಪ್ಪಂದದ ಹೊತ್ತಿಗೇ ಆಯೋಜಕರಿಗೆ ಹೇಳಿ: ಸೋಫಾ ಬೇಡ, ಪ್ರಾಯೋಜಕರು ಮತ್ತು ಅತಿಥಿಗಳಿಗೆ ಮೂರನೇ ಸಾಲು, ದಾರಿಯ ಪಕ್ಕ. ದೀಪ ಬೆಳಗುವುದು, ಶಾಲು, ಹಾರ, ವಂದನಾರ್ಪಣೆ ಇದ್ದೇ ಇರುತ್ತದೆ ಅಂದರೆ ಅದು ಶೋ ನಿರೂಪಿಸುವ ಹೋಸ್ಟ್ ಬರುವುದಕ್ಕೆ ಕನಿಷ್ಠ 15 ನಿಮಿಷ ಮುಂಚೆ ಮುಗಿಯಲಿ. ಸನ್ಮಾನ ಶೋ ಆದ ಮೇಲೆ ಆಗಲಿ. ಸಭಾ ಕಾರ್ಯಕ್ರಮದ ನಡುವೆ ಸಿಕ್ಕಿಸಿದ ಕ್ರೌಡ್ ವರ್ಕ್ ನಡೆಯುವುದಿಲ್ಲ. ಆಗ ಬರೆದ ಸೆಟ್ ಮಾಡಿ ಬನ್ನಿ, ಅದರಲ್ಲಿ ಅವಮಾನವೇನೂ ಇಲ್ಲ.

ಕೊನೆಯ ಎರಡು ಸಾಲನ್ನು ಮಾತಾಡಿಸದ ಸಾಲು ಎಂದು ಬೋರ್ಡ್ ಹಾಕಿ ಬಿಡಿ. ಸಂಕೋಚದವರು ಅಲ್ಲಿ ಕೂರುತ್ತಾರೆ, ಮುಂದೆ ಬಂದು ಕೂತವರು ಒಪ್ಪಿಯೇ ಕೂತಿರುತ್ತಾರೆ. ಇಷ್ಟು ಸಣ್ಣ ಏರ್ಪಾಟು ಎಷ್ಟೋ ಜಗಳ ತಪ್ಪಿಸುತ್ತದೆ. ಆ ಸಾಲಿನ ಮಾತನ್ನು ನೀವು ಮಾತ್ರ ಎಂದೂ ಮುರಿಯಬಾರದು.

ಮೈಕ್ ಮತ್ತು ಬೆಳಕು

ಸಾಮಾನ್ಯ ಶೋನಲ್ಲಿ ಪ್ರೇಕ್ಷಕರನ್ನು ಕತ್ತಲಲ್ಲಿ ಇಟ್ಟರೆ ನಡೆಯುತ್ತದೆ. ಇಲ್ಲಿ ಮೊದಲ 5 ಸಾಲಿನ ಮುಖ ನಿಮಗೆ ಕಾಣಲೇಬೇಕು. ಬೆಳಕು ತಗ್ಗಿಸುವ ಡಿಮ್ಮರ್ ಇದ್ದರೆ ಪ್ರೇಕ್ಷಕರ ಮೇಲಿನ ಹೌಸ್ ಲೈಟ್ 20ರಿಂದ 30% ಇರಲಿ. ಡಿಮ್ಮರ್ ಇಲ್ಲದ ಟ್ಯೂಬ್‌ಲೈಟ್ ಹಾಲ್ ಆದರೆ ಬದಿಯ ಒಂದು ಸಾಲು ಲೈಟ್ ಮಾತ್ರ ಉಳಿಸಿ. ಪರೀಕ್ಷೆ ಸುಲಭ: ಮೈಕ್ ಇರುವಲ್ಲಿ ನಿಲ್ಲಿ, ಐದನೇ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಅವರು ನಗುತ್ತಿದ್ದಾರೋ ಸುಮ್ಮನಿದ್ದಾರೋ ಗೊತ್ತಾಗಬೇಕು. ಗೊತ್ತಾಗದಿದ್ದರೆ ಎದುರಿನ ಸ್ಪಾಟ್‌ಲೈಟ್ ನೇರ ಕಣ್ಣಿಗೆ ಬೀಳುತ್ತಿದೆ. ಅದನ್ನು ಪಕ್ಕಕ್ಕೆ ತಿರುಗಿಸಲು ಹೇಳಿ.

ಮೈಕ್ ಸಾದಾ ಡೈನಾಮಿಕ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಬಗೆ) ಸಾಕು. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇವತ್ತಿಗೂ ಹೆಚ್ಚಿನ ಕಡೆ ಸಿಗುವುದು ಅದಕ್ಕೇ. ಬಾಯಿಂದ 2ರಿಂದ 5 ಸೆಂಟಿಮೀಟರ್. ಮೈಕ್‌ನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕೂಗುತ್ತದೆ. ವೈರ್‌ಲೆಸ್ ಆದರೆ ಶೋಗೆ ಮುಂಚೆ ಹೊಸ ಬ್ಯಾಟರಿ ಹಾಕಿಸಿ, ಪಕ್ಕದಲ್ಲೇ 10 ಮೀಟರ್ ಕೇಬಲ್ ಇರುವ ಇನ್ನೊಂದು ಮೈಕ್ ಸಿದ್ಧವಿರಲಿ.

ಈ ಶೋನಲ್ಲಿ ಪದೇ ಪದೇ ಆಗುವ ತೊಂದರೆ ಒಂದಿದೆ. ಯಾರನ್ನೋ ಹತ್ತಿರದಿಂದ ಮಾತಾಡಿಸಲು ವೇದಿಕೆ ಇಳಿದು ಮುಂದೆ ಹೋಗುತ್ತೀರಿ, ಕಿವಿ ಸೀಳುವ ಕೀರಲು ಸದ್ದು ಹೊಡೆಯುತ್ತದೆ. ನೀವು ಸ್ಪೀಕರ್‌ಗಳನ್ನು ದಾಟಿ ಅವುಗಳ ಎದುರಿಗೆ ಮೈಕ್ ಹಿಡಿದಿರುವುದೇ ಕಾರಣ. ಸೌಂಡ್ ಚೆಕ್‌ನಲ್ಲಿ ನಡೆದು ನೋಡಿ, ಕೂಗಲು ಶುರುವಾಗುವ ಜಾಗಕ್ಕಿಂತ ಎರಡು ಹೆಜ್ಜೆ ಹಿಂದೆ ನೆಲಕ್ಕೆ ಬಿಳಿ ಟೇಪ್ ಅಂಟಿಸಿ. ಆ ಗೆರೆಯ ಈಚೆಗೆ ನಿಮ್ಮ ರಾಜ್ಯ. ಸ್ಪೀಕರ್‌ಗಳನ್ನೇ ಒಂದು ಮೀಟರ್ ಮುಂದಕ್ಕೆ ಸರಿಸಲು ಆದರೆ ಇನ್ನೂ ಒಳ್ಳೆಯದು.

ಪ್ರೇಕ್ಷಕರ ಕೈಗೆ ಮೈಕ್ ಕೊಡಬೇಡಿ. ಮೈಕ್ ಸಿಕ್ಕ ತಕ್ಷಣ ಮನುಷ್ಯ ಎದ್ದು ನಿಂತು, "ಎಲ್ಲರಿಗೂ ನಮಸ್ಕಾರ" ಎಂದು ಭಾಷಣಕ್ಕೆ ಇಳಿಯುತ್ತಾನೆ. ಆ ಹೊತ್ತಿಗೆ ಹಿಡಿತ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅವರು ಕೂತಲ್ಲಿಂದಲೇ ಹೇಳಲಿ, ನೀವು ಅದನ್ನು ಮೈಕ್‌ನಲ್ಲಿ ಮತ್ತೆ ಹೇಳಿ. ಈ ಪುನರುಚ್ಚಾರ ಬಿಟ್ಟರೆ ಹಿಂದಿನ ಸಾಲಿನವರಿಗೆ ಜೋಕಿನ ಅರ್ಧವೇ ಸಿಗುವುದಿಲ್ಲ. ಜೊತೆಗೆ ಯೋಚಿಸಲು ನಿಮಗೆ 2 ಸೆಕೆಂಡ್ ಸಿಗುತ್ತದೆ, ಅದು ಸಣ್ಣ ಸಮಯವಲ್ಲ.

90 ನಿಮಿಷದ ಹಂಚಿಕೆ

ಹೋಸ್ಟ್‌ಗೆ 10 ನಿಮಿಷ, ನಿಮಗಿಂತ ಮುಂಚೆ ಬರುವ ಕಲಾವಿದರಿಗೆ, ಅಂದರೆ ಓಪನರ್‌ಗೆ 12, ನಿಮಗೆ 60ರಿಂದ 65. ಹೋಸ್ಟ್ ಎಲ್ಲರನ್ನೂ ಮಾತಾಡಿಸಿ ಮುಗಿಸಿದರೆ ನಿಮಗೆ ಉಳಿಯುವುದು ಎಂಜಲು. ಅವರಿಗೆ ಎಡಭಾಗದ ಮೂರನೇ ಒಂದು ಪಾಲು ಮಾತ್ರ ಎಂದು ಮೊದಲೇ ಗಡಿ ಹಾಕಿ. ಓಪನರ್ ಯಾರನ್ನೂ ಮಾತಾಡಿಸದೆ ಬರೆದ ಸೆಟ್ ಮಾಡಲಿ. ಹೋಸ್ಟ್ ಇಳಿದು ಬಂದ ಕೂಡಲೇ ಒಂದು ಚೀಟಿ ಕೊಡಬೇಕು: ಎಡ, ಎರಡನೇ ಸಾಲು, ನೀಲಿ ಶರ್ಟ್, ಅಡಿಕೆ ವ್ಯಾಪಾರ. ಅದೇ ಪ್ರಶ್ನೆಯನ್ನು ಅದೇ ವ್ಯಕ್ತಿಗೆ ಎರಡನೇ ಸಲ ಕೇಳಿದರೆ ನೀವು ಕಿವಿಗೊಡುವವರಲ್ಲ ಎಂದು ಹಾಲ್‌ಗೆ ಗೊತ್ತಾಗಿಬಿಡುತ್ತದೆ.

ನಿಮ್ಮ ಮೊದಲ 5 ನಿಮಿಷ ಗಟ್ಟಿ ಜೋಕುಗಳು, ಪರೀಕ್ಷೆ ಮಾಡಿ ಗೆದ್ದವು. ಇವರು ನಗಿಸಬಲ್ಲರು ಎಂಬ ನಂಬಿಕೆ ಬಂದ ಮೇಲೆಯೇ ಜನ ತಮ್ಮ ಮಾತನ್ನು ನಿಮ್ಮ ಕೈಗೆ ಕೊಡುತ್ತಾರೆ. ಆಮೇಲೆ 10ರಿಂದ 12 ನಿಮಿಷದ ಮಾತುಕತೆ, 3 ನಿಮಿಷದ ಬರೆದ ತುಂಡು, ಮತ್ತೆ ಮಾತುಕತೆ. ಬರೆದ ತುಂಡುಗಳನ್ನು ವಿಷಯವಾರು ಇಟ್ಟುಕೊಳ್ಳಿ: ಮದುವೆ, ಬಾಡಿಗೆ ಮನೆ, ಮೇಷ್ಟ್ರು, ಬಸ್ಸು, ಆಸ್ಪತ್ರೆ, ಹಬ್ಬ, ಸರ್ಕಾರಿ ಕಚೇರಿ. ಹೀಗೆ 8 ಇದ್ದರೆ ಯಾರು ಏನು ಹೇಳಿದರೂ ಒಂದಕ್ಕೆ ದಾರಿ ಸಿಗುತ್ತದೆ. ಒಂದೂ ಬರೆದ ಜೋಕಿಲ್ಲದೆ ಪ್ರವಾಸ ಮಾಡಿದವರು ಇದ್ದಾರೆ; ಅಮೆರಿಕದ ಟಾಡ್ ಬ್ಯಾರಿಯ ಅಂಥ ಪ್ರವಾಸದ ಚಿತ್ರಣ 2014ರಲ್ಲಿ ಬಂತು. ಅದು ದಶಕಗಳ ಅನುಭವದ ಮೇಲೆ ಮಾಡಿದ ಕೆಲಸ. ಮೊದಲ ಪ್ರವಾಸಕ್ಕೆ ಅರ್ಧಕ್ಕರ್ಧ ಲೆಕ್ಕವೇ ಸುರಕ್ಷಿತ.

ಮಾತಾಡಿಸುವುದು ಹೇಗೆ

"ಎಲ್ರೂ ಹೇಗಿದ್ದೀರಾ?" ಎಂಬ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆಯೂ ಅಷ್ಟೇ. ಉತ್ತರದಲ್ಲಿ ಒಬ್ಬ ಮನುಷ್ಯ, ಒಂದು ವಸ್ತು ಅಥವಾ ಒಂದು ಜಗಳ ಹೊರಬರುವಂತೆ ಕೇಳಿ. ಜೋಡಿ ಕೂತಿದ್ದರೆ, "ಇವತ್ತು ಯಾರು ಯಾರನ್ನ ಎಳ್ಕೊಂಡು ಬಂದ್ರಿ?" ಏನು ಕೆಲಸ ಎಂದು ಕೇಳಿದಾಗ "ಸಾಫ್ಟ್‌ವೇರ್" ಎಂದರೆ ಬೆಂಗಳೂರಿನ ಹಾಲ್ ಸಪ್ಪಗಾಗುತ್ತದೆ. ಅಲ್ಲಿಗೆ ಬಿಡಬೇಡಿ: "ನಿಮ್ಮಮ್ಮ ನೆಂಟರ ಹತ್ರ ನಿಮ್ಮ ಕೆಲಸ ಏನೂಂತ ಹೇಳ್ತಾರೆ?" ಇದಕ್ಕೆ ಬರುವ ಉತ್ತರ ಪ್ರತಿ ಮನೆಯದೂ ಬೇರೆ.

ಕೇಳುವುದು ನೀವು ಎಂದೇ. ಕಾಲೇಜು ಹುಡುಗನಿಗೂ ಮೊದಲ ಮಾತು ಬಹುವಚನದಲ್ಲಿರಲಿ. ಮೈಕ್ ಹಿಡಿದವರು ಏಕವಚನಕ್ಕೆ ಇಳಿದರೆ ಪಕ್ಕದಲ್ಲಿ ಕೂತ ಅಪ್ಪ ಅಮ್ಮ ಮುಖ ಗಂಟಿಕ್ಕುತ್ತಾರೆ, ಆ ಗುಂಪಿನಿಂದ ಮತ್ತೆ ನಗು ಬರುವುದಿಲ್ಲ. ಹಿರಿಯರಿಗೆ ಯಜಮಾನ್ರೇ, ಅಮ್ಮ, ಧಾರವಾಡ ಕಡೆ ಅಜ್ಜಾರ, ಅಕ್ಕಾರ. ಊರಿನ ಭಾಷೆಯನ್ನು ಅಣಕಿಸಲು ಹೋಗಬೇಡಿ. ನಿಮ್ಮ ಕನ್ನಡದಲ್ಲೇ ಮಾತಾಡಿ, ಅವರ ಒಂದು ಪದ ಹೊಸದಾದರೆ ಅವರಿಂದಲೇ ಕೇಳಿ ಕಲಿಯಿರಿ. ಹಾಲ್ ಇಡೀ ನಿಮ್ಮ ಮೇಷ್ಟ್ರಾಗಲು ಸಂತೋಷಪಡುತ್ತದೆ.

ಒಂದು ಮಾತುಕತೆಯನ್ನು ಹತ್ತಿರದಿಂದ ನೋಡೋಣ.

"ಏನ್ ಕೆಲಸ ಯಜಮಾನ್ರೇ?"
"ಲೈನ್‌ಮನ್."
"ಲೈನ್‌ಮನ್ ಅಂತೆ." (ಹಾಲ್ ತಾನಾಗಿಯೇ ನಗುತ್ತದೆ. ಸುಮ್ಮನಿರಿ.) "ಮನೇಲಿ ಕರೆಂಟ್ ಹೋದ್ರೆ ಮೇಡಂ ಯಾರಿಗೆ ಹೇಳ್ತಾರೆ?"
"ಆಫೀಸಿಗೆ ಫೋನ್ ಮಾಡ್ತಾಳೆ."
"ಪಕ್ಕದಲ್ಲೇ ನೀವಿದ್ದರೂ?"
"ಕಂಪ್ಲೇಂಟ್ ನಂಬರ್ ಇಲ್ದೆ ನಾನು ಏಳಲ್ಲ ಅಂತ ಅವಳಿಗೆ ಗೊತ್ತು."

ಕೊನೆಯ ಸಾಲು ನಿಮ್ಮ ಯಾವ ಪಂಚ್‌ಗಿಂತಲೂ ದೊಡ್ಡದು. ಅದರ ಮೇಲೆ ನಿಮ್ಮದೊಂದು ಹೇರಿದರೆ ಎರಡೂ ಕೆಡುತ್ತವೆ. ನಗು ಇಳಿಯಲು ಶುರುವಾದಾಗ ಮೇಡಂ ಕಡೆ ತಿರುಗಿ, "ಕಂಪ್ಲೇಂಟ್ ನಂಬರ್ ಇದ್ಯಾ ಅಮ್ಮ ಈಗ?" ಎಂದು ಒಂದೇ ಮಾತು, ಅಲ್ಲಿಗೆ ಮುಂದಿನವರು. ಇಲ್ಲಿ ಕೆಲಸ ಮಾಡಿದ್ದು ಎರಡನೇ ಪ್ರಶ್ನೆ. ಮೊದಲ ಉತ್ತರಕ್ಕೇ ಜೋಕು ಹೊಡೆಯುವ ಆತುರದಲ್ಲಿ ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ, ಕರೆಂಟ್ ಕಟ್ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಹೇಳಿ ಮುಗಿಸುತ್ತಾರೆ. ಆ ಮನುಷ್ಯ ಅಂಥ ಜೋಕನ್ನು ಕೆಲಸಕ್ಕೆ ಸೇರಿದ ದಿನದಿಂದ ಕೇಳಿರುತ್ತಾರೆ. ಅವರಿಗೆ ಮಾತ್ರ ಗೊತ್ತಿರುವುದನ್ನು ಅವರ ಬಾಯಿಂದ ಹೊರತೆಗೆಯುವುದೇ ಈ ಕಲೆ. ನಿಮ್ಮ ಜೊತೆ ಮಾತಾಡಿದವರು ಇಡೀ ಹಾಲ್‌ನಲ್ಲಿ ಅತಿ ಹೆಚ್ಚು ನಕ್ಕವರಾಗಿರಬೇಕು. ಅವರು ಬಾಗಿ ನೆಲ ನೋಡುತ್ತಿದ್ದರೆ ಉಳಿದವರೆಷ್ಟು ನಕ್ಕರೂ ಆ ಮಾತುಕತೆ ಸೋತಂತೆ.

ಒಬ್ಬರಿಗೆ 2ರಿಂದ 4 ನಿಮಿಷ. ಒಂದು ಶೋಗೆ 8ರಿಂದ 10 ಜನ. ನಡುವಿನಿಂದ ಶುರು ಮಾಡಿ, ಬಲಕ್ಕೆ, ಎಡಕ್ಕೆ, ಹಿಂದಕ್ಕೆ. ಬಿಗಿದ ಕೈ, ನೆಲ ನೋಡುವ ಕಣ್ಣು, ಗೆಳೆಯನ ಹಿಂದೆ ಸರಿದ ಮುಖ ಇದ್ದಲ್ಲಿ ಹೋಗಬೇಡಿ. ಗೆಳೆಯರೆಲ್ಲ ಸೇರಿ ಒಬ್ಬನತ್ತ ಬೆರಳು ತೋರಿಸಿದರೆ, ಬೆರಳು ತೋರಿಸಿದವನನ್ನು ಮಾತಾಡಿಸಿ.

ಕೇಳಬಾರದ ಪ್ರಶ್ನೆಗಳು

ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳಬೇಡಿ. ಉತ್ತರ ಕರ್ನಾಟಕದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹುಣಸಿಮರದ ಎಂಬ ಹೆಸರುಗಳು ಹೊರಗಿನವರಿಗೆ ಚಿನ್ನದಂತೆ ಕಾಣುತ್ತವೆ. ಅದರ ಮೇಲಿನ ಪ್ರತಿ ಜೋಕನ್ನೂ ಅವರು ಶಾಲೆಯಲ್ಲೇ ಕೇಳಿ ಮುಗಿಸಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಪೂರ್ತಿ ಹೆಸರು ಕೇಳುವುದು ಎಷ್ಟೋ ಸಲ ಜಾತಿ ಕೇಳಿದಂತೆಯೇ. ತುಂಬಿದ ಹಾಲ್‌ನಲ್ಲಿ ಒಬ್ಬರನ್ನು ಆ ಇಕ್ಕಟ್ಟಿಗೆ ಸಿಕ್ಕಿಸುವ ಹಕ್ಕು ಯಾರಿಗೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಹೆಸರಿನಲ್ಲಿ ಸಾರ್ವಜನಿಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶದ ಮಾತಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದೆ.

ಮಕ್ಕಳಾಗಿವೆಯೇ ಎಂದು ಕೇಳಬೇಡಿ. ಪಕ್ಕದಲ್ಲಿ ಕೂತವರು ತಂದೆಯೋ ಗಂಡನೋ ಎಂದು ಊಹಿಸಬೇಡಿ, "ನೀವಿಬ್ರೂ ಹೇಗೆ ಪರಿಚಯ?" ಸಾಕು. ಮೈಬಣ್ಣ, ತೂಕ, ತೊದಲು, ಕೂದಲು ಬೇಡ. 18ರೊಳಗಿನವರ ಜೊತೆ ಪರೀಕ್ಷೆ, ಟ್ಯೂಷನ್, ಅಪ್ಪನ ಮೊಬೈಲ್ ಇಷ್ಟರಲ್ಲೇ ಇರಿ.

ಕೈ ತಪ್ಪಿದಾಗ

ಲಘುವಾಗಿ ಕೇಳಿದ ಪ್ರಶ್ನೆಗೆ "ನಮ್ಮೆಜಮಾನ್ರು ಹೋದ ವರ್ಷ ತೀರಿಕೊಂಡ್ರು" ಎಂಬ ಉತ್ತರ ಬರಬಹುದು. ತಮಾಷೆಯಿಂದ ಮುಚ್ಚಲು ಹೋಗಬೇಡಿ, ಗಾಬರಿಯಿಂದ ಮುಂದಿನವರಿಗೂ ಹಾರಬೇಡಿ. ಮೈಕ್ ಇಳಿಸಿ, ಅವರ ಕಣ್ಣು ನೋಡಿ, "ಇವತ್ತು ನೀವು ಇಲ್ಲಿಗೆ ಬಂದಿದ್ದು ತುಂಬ ಒಳ್ಳೇದಾಯ್ತಮ್ಮ. ಯಾರ ಜೊತೆ ಬಂದ್ರಿ?" ಎಂದು ಕೇಳಿ. ಜೊತೆಗೆ ಬಂದ ಮಗಳೋ ಗೆಳತಿಯೋ ಮಾತು ಮುಂದುವರಿಸುತ್ತಾರೆ. ಅವರೇ ನಗೆಯ ಮಾತಾಡಿದರೆ ಹಿಂಬಾಲಿಸಿ, ನೀವಾಗಿ ಆರಂಭಿಸಬೇಡಿ. ಅದಾದ ಮೇಲೆ ಬರೆದ ತುಂಡೊಂದಕ್ಕೆ ಹೋಗಿ. ಹಾಲ್‌ಗೂ ಉಸಿರು ಬೇಕು.

ನಡುವೆ ಕೂಗುವವರಲ್ಲಿ ಹೆಚ್ಚಿನವರು ಸಹಾಯ ಮಾಡುತ್ತಿದ್ದೇವೆಂದೇ ಭಾವಿಸಿರುತ್ತಾರೆ. ಮೊದಲ ಸಲ ಕೇಳಿಸದಂತೆ ಮುಂದೆ ಹೋಗಿ. ಎರಡನೇ ಸಲ, "ಅಣ್ಣ, ನಿಮ್ಮ ಹತ್ರ ಬರ್ತೀನಿ, ಐದು ನಿಮಿಷ ಕೊಡಿ" ಎಂದು ಹೇಳಿ, ನಿಜವಾಗಿಯೂ ಹೋಗಿ. ಕುಡಿದು ಬಂದವರ ಜೊತೆ ವಾದ ಬೇಡ, ಅದರಲ್ಲಿ ಗೆಲುವಿಲ್ಲ. ಹಾಲ್ ಮ್ಯಾನೇಜರ್ ಜೊತೆ ಮೊದಲೇ ಸಂಕೇತ ಗೊತ್ತು ಮಾಡಿಕೊಳ್ಳಿ, ನೀರಿನ ಬಾಟಲಿಯನ್ನು ಸ್ಟೂಲ್‌ನಿಂದ ನೆಲಕ್ಕೆ ಇಟ್ಟರೆ ಬಂದು ಕರೆದೊಯ್ಯಬೇಕು ಎಂದು. ಹೊರಗೆ ಕಳಿಸುವುದು ಅವರ ಕೆಲಸ, ವೇದಿಕೆಯಿಂದ ನೀವು ಮಾಡಬೇಡಿ. ಯಾರಾದರೂ ನಿಜವಾಗಿ ನೊಂದುಕೊಂಡರೆ ಅಲ್ಲೇ, ಮೈಕ್‌ನಲ್ಲೇ ಕ್ಷಮೆ ಕೇಳಿ. ಆಮೇಲೆ ಆ ವಿಷಯ ಎತ್ತಬೇಡಿ.

ಯಾರೂ ಮಾತಾಡದ ರಾತ್ರಿಗಳೂ ಬರುತ್ತವೆ. ಆಗ ಕೈ ಎತ್ತಿಸುವ ಪ್ರಶ್ನೆಗೆ ಇಳಿಯಿರಿ: "ಬಾಡಿಗೆ ಮನೇಲಿರೋರು ಕೈಯೆತ್ತಿ. ಓನರ್‌ಗಳು? ಓನರ್ ಜೊತೆನೇ ಬಂದಿರೋರು?" ಕೈ ಎತ್ತಿದವರ ಬಾಯಿ ಬೇಗ ಬಿಚ್ಚುತ್ತದೆ. ಹೊರದೇಶದ ಕನ್ನಡ ಕೂಟಗಳಲ್ಲಿ ಇದು ಇನ್ನೂ ಉಪಯುಕ್ತ. ಅಲ್ಲಿ ಅಜ್ಜಿ, ಮಗ, ಮೊಮ್ಮಗಳು ಒಂದೇ ಸಾಲಿನಲ್ಲಿರುತ್ತಾರೆ, ಮೊಮ್ಮಗಳು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅದನ್ನು ತಪ್ಪೆಂದು ಎತ್ತಿ ತೋರಿಸದೆ, ಅಜ್ಜಿಯಿಂದ ಅನುವಾದ ಮಾಡಿಸಿ.

ಕಾಲ್‌ಬ್ಯಾಕ್

ಮೊದಲು ಬಂದ ಮಾತನ್ನು ಆಮೇಲೆ ಮತ್ತೆ ಎತ್ತಿ ನಗಿಸುವುದೇ ಕಾಲ್‌ಬ್ಯಾಕ್. ಮಾತಾಡಿದವರಲ್ಲಿ 4 ಜನರನ್ನು ಜಾಗ, ಹೆಸರು, ಒಂದು ಪದ ಎಂದು ನೆನಪಿಡಿ: ನಡು, ಲೈನ್‌ಮನ್ ಬಸಣ್ಣ, ಕಂಪ್ಲೇಂಟ್ ನಂಬರ್. ಮೊದಲ ಒಂದು ನಿಮಿಷದಲ್ಲಿ ಹೆಸರನ್ನು ಮೂರು ಸಲ ಬಳಸಿದರೆ ಉಳಿಯುತ್ತದೆ. ಅರ್ಧ ಗಂಟೆಯ ನಂತರ ಮೈಕ್ ಗೊರಗೊರ ಎಂದಾಗ "ಬಸಣ್ಣ, ನೀವು ಏಳ್ಬೇಡಿ, ನಂಬರ್ ಬರ್ಲಿ" ಎಂದರೆ ಛಾವಣಿ ಹಾರುತ್ತದೆ. ಕೊನೆಯ 8 ನಿಮಿಷದಲ್ಲಿ ಆ ನಾಲ್ವರನ್ನು ಒಬ್ಬರಿಗೊಬ್ಬರು ಜೋಡಿಸಿ: ಲೈನ್‌ಮನ್ ಮನೆಯನ್ನು ಓನರ್‌ಗೆ ಬಾಡಿಗೆಗೆ ಕೊಡಿ, ಮೇಷ್ಟ್ರ ಹತ್ತಿರ ಸಾಫ್ಟ್‌ವೇರ್ ಹುಡುಗನನ್ನು ಮತ್ತೆ ಟ್ಯೂಷನ್‌ಗೆ ಕಳಿಸಿ. ಸಮಯ ಮುಗಿಯುವ 5 ನಿಮಿಷ ಮುಂಚೆ ಹಿಂದಿನಿಂದ ಮೊಬೈಲ್ ಟಾರ್ಚ್ ತೋರಿಸಲು ಒಬ್ಬರು ಇರಲಿ. ಕೊನೆಯ ಜೋಕು ಮಾತ್ರ ಬರೆದದ್ದೇ ಇರಲಿ.

ರೆಕಾರ್ಡಿಂಗ್

ಕ್ಲಿಪ್‌ಗಾಗಿ ರೆಕಾರ್ಡ್ ಮಾಡುವುದಾದರೆ ವೇದಿಕೆಯ ಎರಡು ಅಂಚಿನಲ್ಲಿ ಜನರತ್ತ ತಿರುಗಿಸಿದ ಎರಡು ಕಂಡೆನ್ಸರ್ ಮೈಕ್ (ದೂರದ ಸಣ್ಣ ಸದ್ದನ್ನೂ ಹಿಡಿಯುವ ಬಗೆ) ಬೇಕು. ಅವುಗಳ ಸದ್ದು ಬೇರೆ ಟ್ರ್ಯಾಕ್‌ಗೆ ಮಾತ್ರ ಹೋಗಲಿ, ಹಾಲ್ ಸ್ಪೀಕರ್‌ಗೆ ಹೋದರೆ ಮತ್ತೆ ಕೂಗಾಟ. ಕ್ಯಾಮೆರಾ ಪ್ರೇಕ್ಷಕರ ಬೆನ್ನ ಹಿಂದೆ ಇರಲಿ. ಟಿಕೆಟ್ ಪುಟದಲ್ಲೂ ಬಾಗಿಲಲ್ಲೂ ಚಿತ್ರೀಕರಣದ ಸೂಚನೆ ಹಾಕಿ. ಅಷ್ಟಕ್ಕೇ ಒಪ್ಪಿಗೆ ಸಿಕ್ಕಿತೆಂದು ತಿಳಿಯಬೇಡಿ: ಶೋ ಮುಗಿದ ಮೇಲೆ, ಮಾತಾಡಿಸಿದ ಪ್ರತಿಯೊಬ್ಬರನ್ನೂ ಬಾಗಿಲ ಬಳಿ ಕಂಡು ಕೇಳಿ, ಒಪ್ಪಿದರೆ ಸಹಿ ಅಥವಾ ವಿಡಿಯೋದಲ್ಲಿ ಅವರ ಮಾತು ತೆಗೆದುಕೊಳ್ಳಿ. ಮದುವೆ, ಆಫೀಸು, ಬಾಸ್ ಬಗ್ಗೆ 200 ಜನರ ಮುಂದೆ ಹೇಳಿದ್ದನ್ನು ಲಕ್ಷ ಜನರ ಮುಂದೆ ಹೇಳಲು ಅವರಿಗೆ ಇಷ್ಟವಿರಲಿಕ್ಕಿಲ್ಲ. ಆಮೇಲೆ ಯಾವಾಗ ತೆಗೆಯಿರಿ ಎಂದರೂ ತೆಗೆಯಿರಿ, ಕಾರಣ ಕೇಳಬೇಡಿ.

ಬಾಗಿಲ ಬಳಿಯ ಕೆಲಸ ಮುಗಿದ ಅರ್ಧ ಗಂಟೆಯೊಳಗೆ ಚೀಟಿಯಲ್ಲಿ ಮೂರೇ ಸಂಗತಿ ಬರೆದುಕೊಳ್ಳಿ: ಹೊಸದಾಗಿ ಹುಟ್ಟಿದ ಒಳ್ಳೆಯ ಪ್ರಶ್ನೆ, ಸತ್ತ ಪ್ರಶ್ನೆ, ಯಾವ ನಿಮಿಷದಲ್ಲಿ ಹಾಲ್ ಜಾರಿತು. ಒಳ್ಳೆಯ ಪ್ರಶ್ನೆಯನ್ನು ಮುಂದಿನ ಊರಿಗೆ ಒಯ್ಯಿರಿ. ಬಸಣ್ಣನವರ ಉತ್ತರ ಒಯ್ಯಬೇಡಿ, ಅದನ್ನು ಬೇರೆ ಊರಿನಲ್ಲಿ ಈಗ ತಾನೇ ಹೊಳೆದಂತೆ ಹೇಳಿದರೆ ಎರಡನೇ ಸಲ ಬಂದ ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.